ಬಣ್ಣ ಸುರಿಯೋದು ಎರಡು ನಿಮಿಷ, ಉಳಿದದ್ದೇ ಕೆಲಸ

ನನ್ನ ಕಪಾಟಿನ ಹಿಂದೆ ಒಂದು ಕ್ಯಾನ್ವಾಸ್ ಇದೆ. ಮಳೆ ನಿಂತ ಮೇಲೆ ಗುಂಡಿಯಲ್ಲಿ ಉಳಿದ ನೀರಿನ ಬಣ್ಣ ಅದಕ್ಕೆ. ಅಕ್ರಿಲಿಕ್ ಬಣ್ಣ ಸುರಿದು ನಾನು ಮಾಡಿದ ಮೊದಲ ಚಿತ್ರ. ಏಳು ಬಣ್ಣ ಹಾಕಿದ್ದೆ, ಏಳೂ ಸೇರಿ ಹೀಗಾಯಿತು. "ಅಜ್ಜಿ, ಇದನ್ನ ಇನ್ನೂ ಯಾಕೆ ಇಟ್ಕೊಂಡಿದ್ದೀಯ?" ಅಂತ ಮೊಮ್ಮಗಳು ಕೇಳುತ್ತಾಳೆ. ಅದರ ಬೆನ್ನಿಗೆ ಯಾವ ಬಣ್ಣ ಎಷ್ಟು, ಬಣ್ಣ ಸರಾಗ ಹರಿಯಲೆಂದು ಬೆರೆಸುವ ದ್ರವ, ಅಂದರೆ ಮೀಡಿಯಂ ಎಷ್ಟು, ನೀರು ಎಷ್ಟು ಅಂತ ಪೆನ್ಸಿಲಿನಲ್ಲಿ ಬರೆದಿದ್ದೇನೆ, ಅದಕ್ಕೇ ಇಟ್ಟುಕೊಂಡಿರುವುದು. ನೀವೂ ಮೊದಲ ದಿನದಿಂದಲೇ ಹೀಗೆ ಬರೆದಿಡಿ. ಚೆನ್ನಾಗಿ ಬಂದ ಚಿತ್ರವನ್ನು ಇನ್ನೊಮ್ಮೆ ಮಾಡೋಣ ಅಂತ ಕೂತಾಗ ಏನು ಹಾಕಿದ್ದೆ ಅಂತ ನೆನಪೇ ಬರುವುದಿಲ್ಲ.

ಕುಂಚ ಹಿಡಿಯಲು ಬರದವರಿಗೆ ಇದು ಸುಲಭದ ಕಲೆ ಅಂತ ಹೇಳುತ್ತಾರೆ, ಅರ್ಧ ನಿಜ. ಕುಂಚ ಬೇಡ, ಆದರೆ ತಾಳ್ಮೆ ಬೇಕು. ಕಪ್ಪಿನಿಂದ ಬಣ್ಣ ಸುರಿಯುವುದು ಎರಡು ನಿಮಿಷದ ಕೆಲಸ. ಅದಕ್ಕೆ ಮುಂಚೆ ಒಂದು ಗಂಟೆ, ಆಮೇಲೆ ಮೂರು ದಿನ. ಚಿತ್ರ ಕೆಡುವುದು ಆ ಎರಡು ನಿಮಿಷದಲ್ಲಲ್ಲ, ಹಿಂದೆ ಮುಂದೆ.

ಮೊದಲು ಜಾಗ ನೋಡಿಕೊಳ್ಳಿ. ಮೇಜಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನೆಲಕ್ಕೂ ಹಾಸಿ, ಯಾಕೆಂದರೆ ತೊಟ್ಟಿಕ್ಕುವುದು ನೀವು ಅಂದುಕೊಂಡ ಕಡೆ ಅಲ್ಲ. ಬೇಡದ ಬಟ್ಟೆ ಹಾಕಿಕೊಳ್ಳಿ. ಹಸಿ ಇದ್ದಾಗ ನೀರಿಗೆ ಹೋಗುವ ಈ ಬಣ್ಣ ಒಣಗಿದರೆ ಪ್ಲಾಸ್ಟಿಕ್ಕೇ ಆಗಿಬಿಡುತ್ತದೆ, ಬಟ್ಟೆ ಬಿಡುವುದಿಲ್ಲ. ಕೈಗೆ ಗ್ಲೌಸ್ ಇರಲಿ. ಆಮೇಲೆ ಮೇಜು ಸಮಮಟ್ಟದಲ್ಲಿದೆಯಾ ನೋಡಿ. ರಸಮಟ್ಟ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲಿನಲ್ಲೇ ಮಟ್ಟ ನೋಡುವ ಸೌಲಭ್ಯ ಇರುತ್ತದೆ. ಮೇಜು ಒಂದು ಕಡೆ ಕೂದಲೆಳೆಯಷ್ಟು ಇಳಿಜಾರಾಗಿದ್ದರೂ ಸಾಕು, ರಾತ್ರಿ ಸುಂದರವಾಗಿದ್ದ ಚಿತ್ರ ಬೆಳಿಗ್ಗೆ ಆ ಕಡೆಗೆ ಹರಿದು ಹೋಗಿರುತ್ತದೆ. ನನ್ನ ಕೈಯಲ್ಲಿ ಮೂರು ಸಲ ಹೀಗಾಗಿದೆ. ಎರಡು ಸಲ ಬಣ್ಣವನ್ನು ಬೈದೆ, ಮೂರನೇ ಸಲ ಮೇಜಿನ ಕಾಲು ನೋಡಿದೆ.

ಸುರಿಯುವುದಕ್ಕೆ ಕ್ಯಾನ್ವಾಸೇ ಆಗಬೇಕೆಂದಿಲ್ಲ. ಹೊಳಪಿನ ಟೈಲ್ಸ್ ಕಲಿಯಲು ಬಹಳ ಅನುಕೂಲ, ಬಗ್ಗುವುದಿಲ್ಲ, ಇಷ್ಟವಾಗದಿದ್ದರೆ ಹಸಿಯಿದ್ದಾಗಲೇ ಒರೆಸಿ ಮತ್ತೆ ಸುರಿಯಬಹುದು. ಮರದ ಹಲಗೆಯಾದರೆ ಮೊದಲು ಎರಡು ಕೋಟ್ ಪ್ರೈಮರ್ ಹೊಡೆಯಿರಿ, ಇಲ್ಲದಿದ್ದರೆ ಮರದೊಳಗಿನ ಕಂದು ರಸ ಮೇಲೆ ಬಂದು ಬಿಳಿ ಬಣ್ಣ ಹಳದಿಯಾಗುತ್ತದೆ. ಕ್ಯಾನ್ವಾಸ್ ತಂದರೆ ನಡುವೆ ಬೆರಳಿನಿಂದ ತಟ್ಟಿ ನೋಡಿ. ಸಡಿಲವಾಗಿದ್ದರೆ ಬಣ್ಣವೆಲ್ಲ ನಡುವಿಗೆ ಬಂದು ಕೊಳ ಕಟ್ಟುತ್ತದೆ. ಹಿಂಬದಿಗೆ ಸ್ವಲ್ಪ ನೀರು ಚಿಮುಕಿಸಿ ಒಣಗಲು ಬಿಟ್ಟರೆ ಬಿಗಿಯಾಗುತ್ತದೆ. ಚೌಕಟ್ಟಿನ ಜೊತೆ ಪುಟ್ಟ ಮರದ ಬೆಣೆಗಳನ್ನು ಕೊಟ್ಟಿರುತ್ತಾರಲ್ಲ, ಸುಮ್ನೆ ಎಸೆಯಬೇಡಿ, ಮೂಲೆಗಳಿಗೆ ಬಡಿಯಲು ಇರುವುದೇ ಅವು. ಹಿಂದೆ ನಾಲ್ಕು ಮೂಲೆಗೂ ಒಂದೊಂದು ಪುಶ್ ಪಿನ್ ಚುಚ್ಚಿದರೆ ಅದೇ ಕಾಲಾಗುತ್ತದೆ, ಕ್ಯಾನ್ವಾಸ್ ಹಾಳೆಗೆ ಅಂಟಿಕೊಳ್ಳುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಣ್ಣದ ಹದ. ಟ್ಯೂಬಿನಲ್ಲಿ ಬರುವ ಗಟ್ಟಿ ಬಣ್ಣವಾದರೆ ಒಂದು ಪಾಲಿಗೆ ಎರಡು ಪಾಲು ಪೋರಿಂಗ್ ಮೀಡಿಯಂ, ಬಾಟಲಿಯಲ್ಲಿ ಬರುವ ತೆಳು ಬಣ್ಣವಾದರೆ ಸಮಪಾಲು, ಇಲ್ಲಿಂದ ಶುರು ಮಾಡಿ. ಆಮೇಲೆ ನೀರನ್ನು ಹನಿ ಹನಿಯಾಗಿ ಹಾಕುತ್ತಾ ಹೋಗಿ. ಕಡ್ಡಿ ಎತ್ತಿದರೆ ಬಣ್ಣ ಕಡಿಯದೆ ದಾರದ ಹಾಗೆ ಇಳಿಯಬೇಕು, ಬಿದ್ದಲ್ಲಿ ಸಣ್ಣ ದಿಬ್ಬವಾಗಿ ಒಂದೆರಡು ಸೆಕೆಂಡಿನಲ್ಲಿ ಕರಗಿ ಸಮವಾಗಬೇಕು. ಬಿಸಿ ತಾಗಿದ ಜೇನುತುಪ್ಪದ ಹದ ಅಂತ ಇಟ್ಟುಕೊಳ್ಳಿ. ದಿಬ್ಬ ಹಾಗೇ ನಿಂತರೆ ಗಟ್ಟಿ, ದಿಬ್ಬವೇ ಆಗದೆ ನೀರಿನಂತೆ ಮಾಯವಾದರೆ ತೆಳು. ಇದಕ್ಕಿಂತ ದೊಡ್ಡ ಗುಟ್ಟು ಒಂದಿದೆ. ಎಲ್ಲ ಬಣ್ಣವೂ ಒಂದೇ ಹದದಲ್ಲಿರಬೇಕು. ಒಂದು ಗಟ್ಟಿ ಇನ್ನೊಂದು ತೆಳು ಆದರೆ ತೆಳುವಾದದ್ದು ಓಡಿಹೋಗುತ್ತದೆ, ಗಟ್ಟಿಯಾದದ್ದು ಮುದ್ದೆಯಾಗಿ ಕೂರುತ್ತದೆ. ಬಣ್ಣ ಬಣ್ಣಕ್ಕೂ ಗುಣ ಬೇರೆ, ಹಾಗಾಗಿ ನೀಲಿಗೆ ಹಾಕಿದಷ್ಟೇ ಮೀಡಿಯಂ ಬಿಳಿಗೂ ಸಾಕಾಗುತ್ತದೆ ಅಂತ ಹೇಳಲಾಗದು. ಅಳತೆಯನ್ನು ನಂಬಬೇಡಿ, ಪ್ರತಿ ಕಪ್ಪಿಗೂ ಕಡ್ಡಿ ಎತ್ತಿ ನೋಡಿ.

ಮೀಡಿಯಂ ದುಬಾರಿ, ನೀರಿನಲ್ಲೇ ತೆಳು ಮಾಡಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಬಣ್ಣದ ಪುಡಿಯನ್ನು ಹಿಡಿದಿಡುವುದು ಅಕ್ರಿಲಿಕ್ ಅಂಟು, ನೀರು ಜಾಸ್ತಿಯಾದರೆ ಆ ಅಂಟೇ ದುರ್ಬಲವಾಗುತ್ತದೆ, ಒಣಗಿದ ಮೇಲೆ ಬಣ್ಣ ಬಿರಿಯುತ್ತದೆ ಅಥವಾ ಪುಡಿ ಪುಡಿಯಾಗಿ ಕೈಗೆ ಬರುತ್ತದೆ. ಮೂರನೇ ಒಂದು ಪಾಲಿಗಿಂತ ಹೆಚ್ಚು ನೀರು ಯಾವತ್ತೂ ಹಾಕಬೇಡಿ. ಮಕ್ಕಳು ಶಾಲೆಗೆ ಒಯ್ಯುವ ಬಿಳಿ ಅಂಟನ್ನು ನೀರಿನಲ್ಲಿ ಕದಡಿ ಮೀಡಿಯಂ ಹಾಗೆ ಬಳಸಬಹುದು, ಕೈ ಪಳಗಿಸಲು ಅದು ಸಾಕು. ಆದರೆ ತೇವ ಬಡಿದರೆ ಮೆತ್ತಗಾಗುತ್ತದೆ, ವರ್ಷ ಕಳೆದಂತೆ ಹಳದಿಯೂ ಆಗಬಹುದು. ಯಾರಿಗಾದರೂ ಉಡುಗೊರೆ ಕೊಡುವ ಚಿತ್ರಕ್ಕೆ ಬೇಡ.

ಕದಡುವಾಗ ಅವಸರ ಮಾಡಬೇಡಿ. ಗರಗರ ತಿರುಗಿಸಿದರೆ ಗಾಳಿ ಸೇರಿ ನೊರೆ ಬರುತ್ತದೆ. ನಿಧಾನವಾಗಿ, ತಳಕ್ಕೆ ಕಡ್ಡಿ ಒತ್ತಿ ತಿರುಗಿಸಿ, ಗಂಟು ಕಂಡರೆ ಸಣ್ಣ ಜಾಲರಿಯಲ್ಲಿ ಸೋಸಿ, ಮುಚ್ಚಿ ಅರ್ಧ ಗಂಟೆ ಬಿಡಿ. ನಾನು ಹಿಂದಿನ ರಾತ್ರಿಯೇ ಕಲಸಿ ಮುಚ್ಚಿಡುತ್ತೇನೆ, ಬೆಳಿಗ್ಗೆಗೆ ಗುಳ್ಳೆಯೆಲ್ಲ ಮೇಲೆ ಬಂದು ಒಡೆದಿರುತ್ತವೆ. ಎಷ್ಟು ಕಲಸಬೇಕು ಅನ್ನುವುದಕ್ಕೆ ಒಂದು ಅಂದಾಜು ಹೇಳುತ್ತೇನೆ. 20 ಸೆಂಟಿಮೀಟರ್ ಅಗಲ 25 ಸೆಂಟಿಮೀಟರ್ ಉದ್ದದ ಕ್ಯಾನ್ವಾಸಿಗೆ ಎಲ್ಲ ಬಣ್ಣ ಸೇರಿ ಸುಮಾರು 100 ಮಿಲಿ. ಕಡಿಮೆ ಮಾಡಿಕೊಂಡರೆ ಮೂಲೆಗೆ ತಲುಪುವುದಿಲ್ಲ, ಆಗ ಮತ್ತೆ ಕಲಸಲು ಕೂತರೆ ಹದ ಒಂದೇ ಬರುವುದಿಲ್ಲ.

ಬಣ್ಣ ಮೂರು ಇಲ್ಲವೇ ನಾಲ್ಕು, ಅದರಲ್ಲಿ ಒಂದು ಬಿಳಿ. ಅಷ್ಟೇ. ನೀಲಿ ಪಕ್ಕ ಕಿತ್ತಳೆ, ಕೆಂಪಿನ ಪಕ್ಕ ಹಸಿರು ಬಂದು ಬೆರೆತರೆ ಕೆಸರೇ. ಹಾಕಲೇಬೇಕೆಂದರೆ ನಡುವೆ ಬಿಳಿ ಒಂದು ಪದರ ಹಾಕಿ, ಜಗಳವಾಡುವವರ ನಡುವೆ ಒಬ್ಬರು ಕೂರುವ ಹಾಗೆ. ಒದ್ದೆಯಲ್ಲಿ ಕಂಡ ಬಣ್ಣಕ್ಕಿಂತ ಒಣಗಿದ್ದು ಒಂದು ಛಾಯೆ ಗಾಢವಾಗಿರುತ್ತದೆ, ಯಾಕೆಂದರೆ ಹಸಿಯಿದ್ದಾಗ ಅಕ್ರಿಲಿಕ್ ಅಂಟು ಹಾಲಿನ ಹಾಗೆ ಬೆಳ್ಳಗಿರುತ್ತದೆ, ಒಣಗಿದರೆ ಗಾಜಿನ ಹಾಗೆ ತಿಳಿಯಾಗುತ್ತದೆ. ಹಾಗಾಗಿ ಕಡುನೀಲಿಗೆ ಸ್ವಲ್ಪ ಬಿಳಿ ಬೆರೆಸಿಯೇ ಸುರಿಯಿರಿ, ಇಲ್ಲದಿದ್ದರೆ ಒಣಗಿದ ಮೇಲೆ ಕಪ್ಪೇ ಅನ್ನಿಸುತ್ತದೆ.

ಎಲ್ಲರಿಗೂ ಬೇಕಾಗಿರುವುದು ಆ ದುಂಡು ದುಂಡು ಕಣ್ಣುಗಳು, ಸೆಲ್ ಅನ್ನುತ್ತಾರಲ್ಲ, ಅವು. ಅವು ಯಾಕೆ ಬರುತ್ತವೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಬಣ್ಣಗಳ ತೂಕ ಒಂದೇ ಅಲ್ಲ. ಬಿಳಿಗೆ ಹಾಕುವ ಟೈಟಾನಿಯಂ ಪುಡಿ ನೀರಿಗಿಂತ ನಾಲ್ಕು ಪಟ್ಟು ಭಾರ, ಕಪ್ಪು ಬಣ್ಣಕ್ಕೆ ಹಾಕುವ ಇಂಗಾಲದ ಪುಡಿ ಹೆಚ್ಚುಕಡಿಮೆ ಎರಡು ಪಟ್ಟು. ಭಾರದ ಬಿಳಿಯನ್ನು ಹಗುರದ ಕಪ್ಪಿನ ಮೇಲೆ ಸುರಿದರೆ ಬಿಳಿ ಕೆಳಗಿಳಿಯುತ್ತದೆ, ಕಪ್ಪು ಅದನ್ನು ಸೀಳಿಕೊಂಡು ಮೇಲೆ ಬರುತ್ತದೆ, ಆ ಸೀಳೇ ಕಣ್ಣು. ಮೆಕ್ಸಿಕೋದ ಚಿತ್ರಕಾರ ಡೇವಿಡ್ ಅಲ್ಫಾರೊ ಸಿಕೇರೋಸ್ 1930ರ ದಶಕದಲ್ಲೇ ಇದನ್ನು ಮಾಡಿ ನೋಡಿದ್ದ, 1936ರಲ್ಲಿ ನ್ಯೂಯಾರ್ಕಿನಲ್ಲಿ ಅವನು ನಡೆಸಿದ ಕಾರ್ಯಾಗಾರಕ್ಕೆ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಕೂಡ ಬಂದಿದ್ದ. ಸಿಕೇರೋಸ್ ಬಳಸಿದ್ದು ಅಕ್ರಿಲಿಕ್ ಅಲ್ಲ, ಲ್ಯಾಕರ್ ಅನ್ನುವ ಬೇಗ ಒಣಗುವ ಹೊಳಪಿನ ಬಣ್ಣ. ಮೆಕ್ಸಿಕೋದ ವಿಜ್ಞಾನಿಗಳು ಅದನ್ನೇ ಪ್ರಯೋಗಾಲಯದಲ್ಲಿ ಮತ್ತೆ ಮಾಡಿ, ಇದು ತೂಕದ ಆಟವೇ ಅಂತ 2015ರಲ್ಲಿ ಪ್ರಕಟಿಸಿದರು. ಅಂದರೆ ಕಣ್ಣು ಬರಲಿ ಅಂತ ಬಣ್ಣಕ್ಕೆ ಹಾಕುವ ಸಿಲಿಕೋನ್ ಎಣ್ಣೆಯೇ ಇಲ್ಲದೆಯೂ ಅವು ಬರುತ್ತವೆ, ಪದರ ಹಾಕುವ ಕ್ರಮ ತಿಳಿದಿದ್ದರೆ ಸಾಕು.

ಸಿಲಿಕೋನ್ ಎಣ್ಣೆ ಹಾಕಿದರೆ ಸುಲಭವಾಗಿ ಬರುತ್ತವೆ, ಅದೂ ನಿಜ. ಒಂದು ಕಪ್ ಬಣ್ಣಕ್ಕೆ ಎರಡೇ ಹನಿ, ಎರಡು ಮೂರು ಸುತ್ತು ಮಾತ್ರ ತಿರುಗಿಸಿ, ಎಲ್ಲ ಬಣ್ಣಕ್ಕೂ ಹಾಕಬೇಡಿ. ಜಾಸ್ತಿ ಹಾಕಿದರೆ ಚಿತ್ರ ಸಿಡುಬು ಬಂದ ಮುಖದ ಹಾಗಾಗುತ್ತದೆ. ಅದರ ತೊಂದರೆ ಗೊತ್ತಾಗುವುದು ಕೊನೆಗೆ. ಒಣಗಿದ ಚಿತ್ರದ ಮೇಲೆ ಎಣ್ಣೆ ಕೂತಿರುತ್ತದೆ, ವಾರ್ನಿಶ್ ಹಚ್ಚಿದರೆ ಅಲ್ಲಲ್ಲಿ ಹಿಂದೆ ಸರಿದು ಗುಂಡಿ ಬೀಳುತ್ತದೆ. ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಒರೆಸಿ, ಬರಿ ನೀರಲ್ಲಿ ಒರೆಸಿ, ಒಣಗಿಸಿ. ಬೆರಳಿಗೆ ಜಾರು ಅನ್ನಿಸುತ್ತಿದ್ದರೆ ಇನ್ನೊಮ್ಮೆ.

ಸುರಿಯುವ ವಿಧಾನಗಳಿಗೆ ಬಾಯಿಗೆ ಬಂದ ಹೆಸರು ಇಟ್ಟಿದ್ದಾರೆ. ಮೊದಲ ಸಲಕ್ಕೆ ಕಪ್ ಮಗುಚುವುದು ಸಾಕು. ಒಂದೇ ಕಪ್ಪಿಗೆ ಬಣ್ಣಗಳನ್ನು ಒಂದರ ಮೇಲೊಂದು ಪದರವಾಗಿ ಹಾಕಿ, ಕದಡದೆ, ಕ್ಯಾನ್ವಾಸನ್ನೇ ಕಪ್ಪಿನ ಮೇಲೆ ಬೋರಲು ಇಟ್ಟು ಎರಡನ್ನೂ ಒಟ್ಟಿಗೆ ತಿರುಗಿಸಿ. ಒಂದು ನಿಮಿಷ ಬಿಟ್ಟು ಕಪ್ ಎತ್ತಿ. ಎರಡನೆಯದು, ಬಣ್ಣದ ಸಾಲುಗಳ ಒಂದು ಅಂಚಿಗೆ ಬಿಳಿ ಸುರಿದು ಒದ್ದೆ ಮಾಡಿದ ಟಿಶ್ಯೂ ಹಾಳೆಯಿಂದ ಎಳೆಯುವುದು. ಒತ್ತಬಾರದು, ಹಾಳೆ ಬಣ್ಣದ ಮೇಲೆ ತೇಲಿಕೊಂಡು ಬರಬೇಕು. ಹೇರ್ ಡ್ರೈಯರ್‌ನಲ್ಲಿ ಊದುವುದು ನನಗೆ ತುಂಬಾ ಇಷ್ಟ, ಹೂವಿನ ಎಸಳುಗಳ ಹಾಗೆ ಬರುತ್ತದೆ, ಆದರೆ ಅದಕ್ಕೆ ಬಣ್ಣ ಇನ್ನೂ ಸ್ವಲ್ಪ ತೆಳುವಾಗಿರಬೇಕು ಮತ್ತು ಗಾಳಿ ತಣ್ಣಗಿರಬೇಕು. ಬಿಸಿ ಗಾಳಿ ಬಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ. ಉಳಿದವು ಆಮೇಲೆ ತಾನಾಗಿ ಗೊತ್ತಾಗುತ್ತವೆ.

ಬಣ್ಣ ಬಿದ್ದ ಮೇಲೆ ಕ್ಯಾನ್ವಾಸ್ ಎತ್ತಿ ನಿಧಾನವಾಗಿ ವಾಲಿಸಿ. ಒಂದು ಮೂಲೆಗೆ ತಲುಪಿದ ಮೇಲೆ ಮತ್ತೆ ನಡುವಿಗೆ ತಂದು ಆಮೇಲೆ ಮುಂದಿನ ಮೂಲೆಗೆ ಬಿಡಿ. ನೇರವಾಗಿ ಮೂಲೆಯಿಂದ ಮೂಲೆಗೆ ಓಡಿಸಿದರೆ ನಡುವಿನ ವಿನ್ಯಾಸವೆಲ್ಲ ಅಂಚಿನಿಂದ ಕೆಳಗೆ ಬಿದ್ದುಹೋಗುತ್ತದೆ. ಅಂಚಿನಲ್ಲಿ ಬೆಳ್ಳಗೆ ಉಳಿದರೆ ಕೆಳಗೆ ಬಿದ್ದ ಬಣ್ಣವನ್ನೇ ಬೆರಳಲ್ಲಿ ತೆಗೆದು ಹಚ್ಚಿ. ಇಲ್ಲಿ ಒಂದು ಮಾತು ನೆನಪಿರಲಿ, ಚೆನ್ನಾಗಿ ಕಂಡ ಕ್ಷಣ ಕೈ ತೆಗೆಯಬೇಕು. "ಇನ್ನು ಸ್ವಲ್ಪ ಆ ಕಡೆ" ಅಂತ ವಾಲಿಸಿದ ಚಿತ್ರಗಳ ಲೆಕ್ಕ ನನ್ನ ಹತ್ತಿರ ಬೇಕಾದಷ್ಟಿದೆ.

ಗುಳ್ಳೆ ಉಳಿದಿದ್ದರೆ ಪುಟ್ಟ ಗ್ಯಾಸ್ ಟಾರ್ಚನ್ನು ಒಂದು ಗೇಣು ಎತ್ತರದಲ್ಲಿ ಹಿಡಿದು, ನಿಲ್ಲಿಸದೆ, ಸರ್ರನೆ ಓಡಿಸಿ. ಕೂದಲು ಕಟ್ಟಿಕೊಳ್ಳಿ, ಸ್ಪಿರಿಟ್ ಬಾಟಲಿ ಹತ್ತಿರ ಇರಬಾರದು, ಹಾಸಿದ ಪ್ಲಾಸ್ಟಿಕ್ ಹಾಳೆಗೆ ಜ್ವಾಲೆ ತಾಗಬಾರದು, ಮಕ್ಕಳ ಕೈಗೆ ಕೊಡಲೇಬಾರದು. ಬೆಂಕಿ ಬೇಡ ಅನ್ನಿಸಿದರೆ ಗುಂಡುಪಿನ್ನಿನಿಂದ ಒಂದೊಂದಾಗಿ ಚುಚ್ಚಿ, ಏನೂ ನಷ್ಟವಿಲ್ಲ.

ಆಮೇಲೆ ಒಣಗಿಸುವುದು. ಬೇಗ ಒಣಗಲಿ ಅಂತ ಫ್ಯಾನ್ ಹಾಕುವವರು, ಬಿಸಿಲಿಗೆ ಇಡುವವರು ಇದ್ದಾರೆ. ಅವರೇ ಮಾರನೆಯ ದಿನ "ಬಿರುಕು ಬಿಟ್ಟಿತು" ಅನ್ನುವವರು. ಮೇಲಿನ ಪದರ ಬೇಗ ಒಣಗಿ ಸಿಪ್ಪೆ ಕಟ್ಟುತ್ತದೆ, ಕೆಳಗಿನದು ಇನ್ನೂ ಹಸಿ, ಅದು ಒಣಗುತ್ತಾ ಕುಗ್ಗಿದಾಗ ಮೇಲಿನ ಸಿಪ್ಪೆ ಹರಿಯುತ್ತದೆ. ದಪ್ಪ ಕೊಳ ನಿಂತ ಕಡೆ ಇದು ಜಾಸ್ತಿ. ಹಾಗಾಗಿ ಹೆಚ್ಚಿನ ಬಣ್ಣವನ್ನು ವಾಲಿಸುವಾಗಲೇ ಇಳಿಸಿಬಿಡಿ. ಫ್ಯಾನ್ ಗಾಳಿ ಬೀಳದ ಕಡೆ ಇಡಿ, ಧೂಳು ಕೂರದ ಹಾಗೆ ಮೇಲೆ ಒಂದು ರಟ್ಟಿನ ಡಬ್ಬ ಬೋರಲು ಹಾಕಿ, ಒಂದು ಅಂಚಿಗೆ ಪೆನ್ಸಿಲ್ ಕೊಟ್ಟು ಗಾಳಿಯಾಡಲು ಸಂದು ಬಿಡಿ. ಮೊದಮೊದಲು ಅರ್ಧ ಗಂಟೆಗೊಮ್ಮೆ ಅಂಚಿನ ಕೆಳಗೆ ತೂಗುವ ತೊಟ್ಟುಗಳನ್ನು ಕಡ್ಡಿಯಲ್ಲಿ ಒರೆಸಿ. ಕೋಣೆ 10 ಡಿಗ್ರಿಗಿಂತ ತಣ್ಣಗಿದ್ದರೆ ಅಕ್ರಿಲಿಕ್ ಸರಿಯಾಗಿ ಪದರ ಕಟ್ಟುವುದಿಲ್ಲ, ಅಂಥ ಚಳಿಯಲ್ಲಿ ಈ ಕೆಲಸ ಬೇಡ. ಮುಟ್ಟುವಷ್ಟು ಒಣಗಲು ಒಂದೆರಡು ದಿನ, ಒಳಗೆಲ್ಲ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ. ವಾರ್ನಿಶ್ ಆಮೇಲೆಯೇ.

ಉಳಿದ ಬಣ್ಣವನ್ನು ಸಿಂಕಿಗೆ ಸುರಿಯಬೇಡಿ. ಪೈಪಿನೊಳಗೆ ಒಣಗಿ ಪ್ಲಾಸ್ಟಿಕ್ ಪದರವಾಗಿ ಕೂರುತ್ತದೆ, ನೀರಿಗೆ ಸೇರಿದರೂ ಕರಗುವ ವಸ್ತುವಲ್ಲ. ನಾನು ಒಮ್ಮೆ ಸುರಿದು, ಪೈಪ್ ಬಿಚ್ಚಿಸಿ, ಬಂದವರ ಕೈಯಲ್ಲಿ ಬೈಸಿಕೊಂಡಿದ್ದೇನೆ. ಕಪ್ಪಿನಲ್ಲೇ ಬಿಡಿ, ಒಣಗಿದ ಮೇಲೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ, ಕಪ್ ಮತ್ತೆ ಉಪಯೋಗಕ್ಕೆ. ಬಣ್ಣದ ಕಪ್ಪನ್ನು ಮಾತ್ರ ಅಡುಗೆಮನೆಗೆ ವಾಪಸ್ ತರಬೇಡಿ.

ಟೈಲ್ಸ್ ಮೇಲೆ ಸುರಿದು ಲೋಟ ಇಡುವ ಕೋಸ್ಟರ್ ಮಾಡುವ ಆಸೆ ಎಲ್ಲರಿಗೂ. ಮಾಡಿ, ಆದರೆ ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತದೆ, ಬಿಸಿ ಲೋಟ ಇಟ್ಟರೆ ಅಂಟಿಕೊಂಡು ಎತ್ತುವಾಗ ಚಿತ್ರವೂ ಜೊತೆಗೆ ಬರುತ್ತದೆ. ತಣ್ಣೀರಿನ ಲೋಟಕ್ಕೆ ಮಾತ್ರ ಅಂತ ಮೊದಲೇ ಹೇಳಿಬಿಡಿ. ಇನ್ನು ಹಾಸಿದ ಪ್ಲಾಸ್ಟಿಕ್ ಹಾಳೆ ಮೇಲೆ ಬಿದ್ದು ಒಣಗಿದ ಬಣ್ಣ ಇರುತ್ತದಲ್ಲ, ಮೂರು ದಿನ ಬಿಟ್ಟು ಮೂಲೆಯಿಂದ ಮೆಲ್ಲಗೆ ಎಳೆಯಿರಿ, ಇಡೀ ಹಾಳೆಯಾಗಿ ಬರುತ್ತದೆ. ಕತ್ತರಿಸಿ ಪುಸ್ತಕದ ಗುರುತಿಗೆ, ಶುಭಾಶಯದ ಕಾರ್ಡಿಗೆ ಅಂಟಿಸಬಹುದು. ಒಂದರ ಮೇಲೊಂದು ಇಡುವಾಗ ನಡುವೆ ಬೆಣ್ಣೆ ಕಾಗದ ಹಾಕಿ, ಇಲ್ಲದಿದ್ದರೆ ಎಲ್ಲವೂ ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗುತ್ತವೆ. ನನ್ನ ಮೊಮ್ಮಗಳಿಗಂತೂ ಗೋಡೆಗೆ ಹಾಕಿದ ಚಿತ್ರಗಳಿಗಿಂತ ಈ ಚೂರುಗಳೇ ಇಷ್ಟ.