ಹಾಲಿನ ಲೆಕ್ಕದ ಪಕ್ಕ ಗಿಡದ ಲೆಕ್ಕ

ನಮ್ಮ ಮನೆಯ ಪೀಸ್ ಲಿಲಿಯನ್ನು ಕೊಂದದ್ದು ನಾವು ಮೂವರೂ ಸೇರಿ. ಬೆಳಿಗ್ಗೆ ಕಾಫಿಗೆ ಇಟ್ಟು ನಾನೊಂದು ಚೊಂಬು ನೀರು ಹಾಕುತ್ತಿದ್ದೆ. ಪೂಜೆ ಮುಗಿಸಿ ಬಂದ ಅತ್ತೆ ಒಂದು ಚೊಂಬು. ರಾತ್ರಿ ನಮ್ಮೆಜಮಾನ್ರು 'ಪಾಪ, ಜೋತು ಬಿದ್ದಿದೆ' ಅಂತ ಇನ್ನೊಂದು. ಆ ಗಿಡದ ಮೋಸ ಇರುವುದೇ ಅಲ್ಲಿ. ನೀರು ಸಾಲದಿದ್ದರೂ ಎಲೆ ಜೋತು ಬೀಳುತ್ತದೆ, ನೀರು ಜಾಸ್ತಿಯಾಗಿ ಬೇರು ಕೊಳೆತರೂ ಜೋತು ಬೀಳುತ್ತದೆ. ನೋಡಿದವರಿಗೆ ಮಾತ್ರ ಯಾವಾಗಲೂ ಬಾಯಾರಿಕೆಯೇ ಕಾಣುತ್ತದೆ. ಕೊನೆಗೆ ಕುಂಡದಿಂದ ಕಿತ್ತು ನೋಡಿದರೆ ಬೇರೆಲ್ಲ ಕಂದು ಬಣ್ಣ, ಮುಟ್ಟಿದರೆ ಮೆತ್ತಗೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ.

ಅದು ನಮ್ಮಲ್ಲಿ ಎಷ್ಟು ದಿನ ಬದುಕಿತ್ತು ಅನ್ನುವುದೂ ಯಾರಿಗೂ ನೆನಪಿರಲಿಲ್ಲ. ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫ್ಲವರ್ ಶೋಗೆ ಹೋದಾಗ ತಂದದ್ದು, ಅಷ್ಟೇ ಗೊತ್ತು. ಫೋನಿನಲ್ಲಿ ದುಡ್ಡು ಕಟ್ಟಿದ್ದನ್ನು ಹುಡುಕಿದಾಗ ತಾರೀಖು ಸಿಕ್ಕಿತು. ಲೆಕ್ಕ ಹಾಕಿದೆ, 74 ದಿನ. ಗಿಡದ ಬಗ್ಗೆ ನಾನು ಬರೆದಿಟ್ಟ ಮೊದಲ ಅಂಕಿ ಇದೇ.

ಉಳಿದ ಹನ್ನೊಂದು ಗಿಡಗಳನ್ನಾದರೂ ಉಳಿಸಿಕೊಳ್ಳೋಣ ಅಂತ ಮೊದಲು ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ಗಿಡದ ಫೋಟೊ, ಕುಂಡದ ಅಳತೆ, ಕಿಟಕಿ ಎಷ್ಟು ದೂರ, ಎಲ್ಲ ಕೇಳಿತು. ಆಮೇಲೆ ದಿನಾ ಬೆಳಿಗ್ಗೆ ಏಳಕ್ಕೆ ಟಣ್ ಅನ್ನಲು ಶುರು ಮಾಡಿತು. ನಾನಾಗ ಟಿಫಿನ್ ಡಬ್ಬಿ ತುಂಬುತ್ತಿರುತ್ತೇನೆ. ಸುಮ್ನೆ 'ಆಯ್ತು' ಒತ್ತಿ ಪಕ್ಕಕ್ಕಿಡುತ್ತಿದ್ದೆ. ಇನ್ನೊಂದು ತೊಂದರೆ ಅಂದರೆ ಜಡಿಮಳೆಯಲ್ಲೂ ಮನಿ ಪ್ಲಾಂಟ್‌ಗೆ ಐದು ದಿನಕ್ಕೊಮ್ಮೆ ನೀರು ಅನ್ನುತ್ತಿತ್ತು, ಬಿಸಿಲಲ್ಲೂ ಅಷ್ಟೇ. ಒಂದು ತಿಂಗಳು ಆಗುವಷ್ಟರಲ್ಲಿ ಆ ಆ್ಯಪ್ ತುಂಬ ನಾನು ಹೇಳಿದ ಸುಳ್ಳೇ ಇತ್ತು. ಅತ್ತೆ ಒಂದು ದಿನ ಕೇಳಿದರು, 'ಗಿಡ ಏನು ಫೋನ್ ನೋಡ್ಕೊಂಡು ನೀರು ಕುಡಿಯತ್ತೇನಮ್ಮಾ?'

ಆಮೇಲೆ ಗೂಗಲ್ ಶೀಟ್. ಮೂವರಿಗೂ ಹಂಚಿದೆ. ತಾರೀಖು, ಗಿಡದ ಹೆಸರು, ಏನು ಮಾಡಿದೆವು, ಅಷ್ಟೇ ಮೂರು ಕಾಲಂ. ಪ್ರತಿ ಗಿಡಕ್ಕೆ ಕೊನೆಯ ಸಲ ನೀರು ಹಾಕಿದ ದಿನ ಯಾವುದು, ಇವತ್ತಿಗೆ ಎಷ್ಟು ದಿನವಾಯಿತು ಅಂತ ತೋರಿಸುವ ಫಾರ್ಮುಲಾವನ್ನು ನಮ್ಮೆಜಮಾನ್ರು ಹಾಕಿಕೊಟ್ಟರು. ಮೊದಲ ವಾರ ಲೆಕ್ಕ ಹುಚ್ಚುಚ್ಚಾಗಿ ಬಂತು. ನೋಡಿದರೆ ಶೀಟ್ ಅಮೆರಿಕದ ಕ್ರಮದಲ್ಲಿತ್ತು, ತಿಂಗಳು ಮೊದಲು, ದಿನ ಆಮೇಲೆ. ಮಾರ್ಚ್ 4ಕ್ಕೆ ನಾನು 4/3 ಅಂತ ಬರೆದದ್ದನ್ನು ಅದು ಏಪ್ರಿಲ್ 3 ಅಂತ ಓದಿಕೊಂಡಿತ್ತು. ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್, ಅಂದರೆ ಯಾವ ದೇಶದ ಕ್ರಮ ಅನ್ನುವುದನ್ನು, ಇಂಡಿಯಾ ಮಾಡಿದ ಮೇಲೆ ಸರಿಹೋಯಿತು. ನೀವೂ ಶೀಟ್ ಮಾಡುವುದಾದರೆ ಇದನ್ನು ಮೊದಲೇ ನೋಡಿಕೊಳ್ಳಿ.

ಅವರ ಉತ್ಸಾಹ ಅಲ್ಲಿಗೇ ನಿಲ್ಲಲಿಲ್ಲ. ಪ್ರತಿ ಕುಂಡಕ್ಕೂ ಒಂದು ಕ್ಯೂಆರ್ ಕೋಡ್ ಅಂಟಿಸಿದರು. ಸ್ಕ್ಯಾನ್ ಮಾಡಿದರೆ ಆ ಗಿಡದ ಫಾರ್ಮ್ ತೆರೆಯುತ್ತದೆ. ನೋಡಲು ಚೆನ್ನಾಗಿತ್ತು. ಆದರೆ ಮಣ್ಣಿನ ಕೈಯಲ್ಲಿ ಫೋನ್ ಹಿಡಿಯುವವರು ಯಾರು? ಎರಡು ವಾರಕ್ಕೆ ಸ್ಟಿಕರ್‌ಗಳು ನೀರು ಕುಡಿದು ಸುರುಳಿ ಸುತ್ತಿಕೊಂಡವು.

ಇಷ್ಟೆಲ್ಲ ನಡೆಯುವಾಗ ಅತ್ತೆ ತಮ್ಮ ಪಾಡಿಗೆ ಫ್ರಿಜ್ ಪಕ್ಕದ ಗೋಡೆ ಕ್ಯಾಲೆಂಡರ್‌ನಲ್ಲಿ ಚುಕ್ಕೆ ಇಡಲು ಶುರು ಮಾಡಿದ್ದರು. ಅದರಲ್ಲೇ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಏಕಾದಶಿ, ಎಲ್ಲ. ದಾರಕ್ಕೆ ಕಟ್ಟಿದ ಪೆನ್ ಅಲ್ಲೇ ನೇತಾಡುತ್ತಿರುತ್ತದೆ. ನಾನು ಸೋತು ಅವರ ಪಕ್ಷ ಸೇರಿದೆ. ಗಿಡಕ್ಕೊಂದು ಅಕ್ಷರ, ಮನಿ ಪ್ಲಾಂಟ್‌ಗೆ ಮ, ಝಡ್‌ಝಡ್ ಪ್ಲಾಂಟ್‌ಗೆ ಝ. ಅಕ್ಷರದ ಮೇಲೆ ಚುಕ್ಕೆ ಅಂದರೆ ನೀರು ಹಾಕಿದೆ.

ನಾನು ಸೇರಿಸಿದ್ದು ಒಂದೇ ಗುರುತು. ಅಕ್ಷರದ ಕೆಳಗೆ ಗೆರೆ. ಅದರರ್ಥ, ಎರಡನೇ ಗೆಣ್ಣಿನವರೆಗೆ ಬೆರಳಿಳಿಸಿ ನೋಡಿದೆ, ಒಳಗೆ ಇನ್ನೂ ಒದ್ದೆ ಇದೆ, ನೀರು ಹಾಕಲಿಲ್ಲ. ಅದುವರೆಗೆ ಏನೂ ಬರೆದಿಲ್ಲ ಅಂದರೆ ಯಾರೂ ನೋಡಿಲ್ಲ ಅಂತಲೋ, ನೋಡಿ ಬಿಟ್ಟರು ಅಂತಲೋ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದಿದ್ದರೆ ನಮ್ಮ ಕೈ ಸೀದಾ ಚೊಂಬಿಗೇ ಹೋಗುತ್ತದೆ ಅಲ್ವಾ? ಗೆರೆ ಬಂದ ಮೇಲೆ ಒಂದೇ ದಿನ ಇಬ್ಬರು ನೀರು ಹಾಕುವುದು ನಿಂತಿತು. ಮನಿ ಪ್ಲಾಂಟ್ ಏಪ್ರಿಲ್‌ನಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಕೇಳಿದರೆ ಡಿಸೆಂಬರ್‌ನಲ್ಲಿ ಒಂಬತ್ತು ದಿನ ಸುಮ್ಮನಿರುತ್ತದೆ ಅಂತ ಗೊತ್ತಾಯಿತು. ಝಡ್‌ಝಡ್ ಮಳೆಗಾಲದಲ್ಲಿ 26 ದಿನ ಬರೀ ಗೆರೆಯಲ್ಲೇ ಕಳೆಯಿತು. ಅದು ಮಣ್ಣೊಳಗಿನ ಗೆಡ್ಡೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ.

ಕ್ಯಾಲೆಂಡರ್‌ನ ನಿಜವಾದ ಉಪಕಾರ ತಿಳಿದದ್ದು 2024ರ ಬೇಸಿಗೆಯಲ್ಲಿ. ಬೆಂಗಳೂರಿಗೆ ನೀರಿನ ಬರ ಬಂದ ವರ್ಷ. ನಮ್ಮ ಅಪಾರ್ಟ್‌ಮೆಂಟಿಗೆ ಮಾರ್ಚ್‌ನಿಂದ ಟ್ಯಾಂಕರ್ ನೀರು. ದುಡ್ಡು ಹಂಚಿಕೊಳ್ಳಬೇಕಲ್ಲ, ಹಾಗಾಗಿ ಟ್ಯಾಂಕರ್ ಬಂದ ದಿನ ಅತ್ತೆ 'ಟ್ಯಾಂ' ಅಂತ ಬರೆಯುತ್ತಿದ್ದರು. ಏಪ್ರಿಲ್‌ನಲ್ಲಿ ಸ್ಪೈಡರ್ ಪ್ಲಾಂಟ್‌ನ ಎಲೆ ತುದಿಗಳು ಕಂದಾಗಿ ಒಣಗತೊಡಗಿದವು. ಬಿಸಿಲೇ ಕಾರಣ ಅಂತ ಕಿಟಕಿಯಿಂದ ದೂರ ಸರಿಸಿದೆ. ಏನೂ ಬದಲಾಗಲಿಲ್ಲ. ಒಂದು ಭಾನುವಾರ ಕ್ಯಾಲೆಂಡರ್ ಮುಂದೆ ನಿಂತು ಹಾಳೆ ಹಿಂದೆ ತಿರುಗಿಸುತ್ತಾ ಹೋದೆ. 'ತುದಿ ಒಣಗಿದೆ' ಅಂತ ಮೊದಲು ಬರೆದದ್ದಕ್ಕೂ ಟ್ಯಾಂಕರ್ ಶುರುವಾದದ್ದಕ್ಕೂ ಸುಮಾರು ಮೂರು ವಾರದ ಅಂತರ. ಆಮೇಲೆ ಕುಂಡ ನೋಡಿದರೆ ಅಂಚಿನಲ್ಲಿ ಬಿಳೀ ಪೊರೆ. ಟ್ಯಾಂಕರ್‌ನ ಗಡಸು ನೀರಿನ ಉಪ್ಪು ಮಣ್ಣಲ್ಲಿ ಕೂತು, ಎಲೆಯ ತುದಿಯಲ್ಲಿ ಸೇರಿಕೊಂಡು ಸುಡುತ್ತಿತ್ತು. ಜೂನ್ 2ರಂದು ಬೆಂಗಳೂರಲ್ಲಿ ಒಂದೇ ದಿನ 111 ಮಿ.ಮೀ. ಮಳೆ ಸುರಿಯಿತಲ್ಲ, ಆವತ್ತು ಕುಂಡಗಳನ್ನೆಲ್ಲ ಬಾಲ್ಕನಿ ಅಂಚಿಗೆ ತಳ್ಳಿ ಮಣ್ಣು ಚೆನ್ನಾಗಿ ತೊಳೆದುಹೋಗಲು ಬಿಟ್ಟೆ. ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ, ಆದರೆ ಹೊಸ ಎಲೆ ಪೂರ್ತಿ ಹಸಿರಾಗೇ ಬಂತು. ಟ್ಯಾಂಕರ್ ಲೆಕ್ಕ ಮತ್ತು ಗಿಡದ ಲೆಕ್ಕ ಒಂದೇ ಚೌಕದಲ್ಲಿ ಇಲ್ಲದಿದ್ದರೆ ನಾನು ಇನ್ನೂ ಕುಂಡವನ್ನು ಅತ್ತಿತ್ತ ಸರಿಸುತ್ತಲೇ ಇರುತ್ತಿದ್ದೆ.

ಶೀಟ್ ಬಿಟ್ಟಿಲ್ಲ. ವರ್ಷಕ್ಕೊಂದೆರಡು ಸಲ ನಡೆಯುವ ಕೆಲಸಕ್ಕೆ ಅದೇ ಒಳ್ಳೆಯದು. ಕುಂಡ ಬದಲಿಸಿದ್ದು, ಎರೆಗೊಬ್ಬರ ಹಾಕಿದ್ದು, ಮೀಲಿಬಗ್ ಅನ್ನುವ ಬಿಳೀ ಹತ್ತಿಯಂಥ ಹುಳ ಬಂದದ್ದು, ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪಿನ ನೀರು ಕಲಸಿ ಸಿಂಪಡಿಸಿದ್ದು. ತಿಂಗಳು ಮುಗಿದಾಗ ಕ್ಯಾಲೆಂಡರ್ ಹಾಳೆಯದೊಂದು ಫೋಟೊ ತೆಗೆದು ಫೋನಿನಲ್ಲಿ 'ಗಿಡ' ಅನ್ನುವ ಆಲ್ಬಮ್‌ಗೆ ಹಾಕುತ್ತೇನೆ. ಹೊಸ ವರ್ಷಕ್ಕೆ ಹಳೇ ಕ್ಯಾಲೆಂಡರನ್ನು ಅತ್ತೆ ಕಪಾಟಿಗೆ ಹಾಸಿಬಿಡುತ್ತಾರೆ, ಅದಕ್ಕೆ. ಕುಂಡದ ಹೆಸರುಪಟ್ಟಿಗೆ ಮಾತ್ರ ಪೆನ್ಸಿಲ್. ಮಾರ್ಕರ್ ಬಿಸಿಲಿಗೆ ಮಾಸುತ್ತದೆ, ಪೆನ್ನಿನ ಶಾಯಿ ನೀರಿಗೆ ಹರಡುತ್ತದೆ, ಪೆನ್ಸಿಲ್ ಹಾಗೇ ಇರುತ್ತದೆ.

ಹೋದ ಸಲ ಒಂಬತ್ತು ದಿನ ಊರಿಗೆ ಹೋಗುವಾಗ ಎದುರುಮನೆ ಆಂಟಿಗೆ ಬೀಗದ ಕೈ ಕೊಟ್ಟು, ಚುಕ್ಕೆ ಮತ್ತು ಗೆರೆ ಎರಡೇ ಹೇಳಿಕೊಟ್ಟೆ. ವಾಪಸು ಬಂದು ಕ್ಯಾಲೆಂಡರ್ ನೋಡಿದರೆ ಒಂಬತ್ತು ದಿನಕ್ಕೆ ಆರೇ ಚುಕ್ಕೆ, ಉಳಿದದ್ದೆಲ್ಲ ಗೆರೆ. ಕೊನೆಯ ಚೌಕದಲ್ಲಿ ಪುಟ್ಟ ಅಕ್ಷರದಲ್ಲಿ ಬರೆದಿದ್ದರು: 'ಹಾಲಿನವನಿಗೆ ನಾಳೆಯಿಂದ ಹಾಕು ಅಂದಿದೀನಿ. ಝ ಮುಟ್ಟಿದ್ದಷ್ಟೇ.'