ಮಲೆನಾಡಿನ ಮನೆಗೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಹಾಸಿಗೆ ಆರಿಸುವ ಬಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಹಾಸಿಗೆ ಕೊಳ್ಳಲು ಹೊರಟಾಗ, ಅದು ಮೆತ್ತಗಿದೆಯೇ ಗಟ್ಟಿಯಾಗಿದೆಯೇ ಎಂದು ನೋಡುವುದಕ್ಕೂ ಮೊದಲು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ಕೋಣೆಯಲ್ಲಿ ಅದಕ್ಕೆ ಗಾಳಿ ಎಲ್ಲಿಂದ ಸಿಗುತ್ತದೆ ಎಂಬುದನ್ನು ಯೋಚಿಸಬೇಕು. ಕೆಲವು ವರ್ಷಗಳ ಹಿಂದೆ ನಾನು ಆರು ಇಂಚಿನ ಫೋಮ್ ಹಾಸಿಗೆಯೊಂದನ್ನು ತಂದು, ಕೆಳಗೆ ಸಾಮಾನು ತುಂಬುವ ಪೆಟ್ಟಿಗೆ ಮಂಚದ ಮೇಲೆ ಹಾಸಿ, ಮಳೆಗಾಲವಿಡೀ ಎತ್ತಿ ನೋಡದೆ ಬಿಟ್ಟಿದ್ದೆ. ನವರಾತ್ರಿಗೆ ಮನೆ ಗುಡಿಸಿ ಒರೆಸುವಾಗ ಮಗುಚಿ ನೋಡಿದರೆ, ನಾವಿಬ್ಬರು ಮಲಗುವ ಜಾಗದ ಅಡಿಯಲ್ಲಿ, ಬೆನ್ನು ಮತ್ತು ಸೊಂಟದ ಅಳತೆಗೆ ಸರಿಯಾಗಿ, ಎರಡು ಕಪ್ಪು ಬೂಷ್ಟಿನ ಮಚ್ಚೆಗಳು ಮೂಡಿದ್ದವು. ರಾತ್ರಿಯಿಡೀ ಮೈಯಿಂದ ಹೊರಡುವ ತೇವ ಹಾಸಿಗೆಯೊಳಗೆ ಇಳಿದು, ತಣ್ಣಗಿನ ಹಲಗೆಗೆ ತಾಗಿ, ಹೊರಹೋಗಲು ದಾರಿಯಿಲ್ಲದೆ ಅಲ್ಲೇ ನಿಂತಿತ್ತು. ಫೋಮಿನ ಒಳಗಿಳಿದ ಬೂಷ್ಟನ್ನು ತೊಳೆದು ತೆಗೆಯಲಾಗುವುದಿಲ್ಲ. ಕೊಟ್ಟ ಹಣವೆಲ್ಲ ಹಾಗೆ ಹಾಳಾಯಿತು.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮನೆಯ ಮಂಚವನ್ನು ಪರೀಕ್ಷಿಸಬೇಕು. ಹಾಸಿಗೆ ಕುಸಿದಿದೆ ಎಂದು ನಾವು ಅಂದುಕೊಂಡಿರುವ ಎಷ್ಟೋ ಕಡೆ ಕುಸಿದಿರುವುದು ಮಂಚದ ಹಲಗೆ ಅಥವಾ ಸಡಿಲಾದ ನವಾರು. ಹಾಸಿಗೆಯನ್ನು ಸಮನಾದ ನೆಲದ ಮೇಲೆ ಹಾಸಿ ಎರಡು ರಾತ್ರಿ ಮಲಗಿ ನೋಡಿದರೆ ತಪ್ಪು ಯಾವುದರದ್ದೆಂದು ಗೊತ್ತಾಗುತ್ತದೆ. ನೆಲದ ಮೇಲೆ ಬೆನ್ನು ಹಗುರವೆನಿಸಿದರೆ ಹೊಸ ಹಾಸಿಗೆಯ ಅಗತ್ಯವೇ ಇಲ್ಲ, ಹಲಗೆ ಸರಿಮಾಡಿಸಿದರೆ ಸಾಕು. ಪೂರ್ತಿ ಮುಚ್ಚಿದ ಪ್ಲೈವುಡ್ ಇದ್ದರೆ ಬಡಗಿಯಿಂದ ಅದರಲ್ಲಿ ಗೇಣಿಗೊಂದರಂತೆ ತೂತು ಕೊರೆಸಬಹುದು, ಇಲ್ಲವೇ ಎರಡೆರಡು ಇಂಚು ಸಂದು ಬಿಟ್ಟು ಪಟ್ಟಿ ಹೊಡೆಸಬಹುದು. ಈ ಒಂದು ಕೆಲಸಕ್ಕೆ ಖರ್ಚು ಮಾಡಿದ ಹಣ ನಮ್ಮ ಸೀಮೆಯಲ್ಲಿ ಹಾಸಿಗೆಯ ಆಯುಷ್ಯವನ್ನು ಬೇರೆಲ್ಲಕ್ಕಿಂತ ಹೆಚ್ಚು ಉಳಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆನ್ನುನೋವಿನವರು ಕಲ್ಲಿನಂಥ ಹಾಸಿಗೆಯ ಮೇಲೆ ಮಲಗಬೇಕು ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಆದರೆ 2003ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನವೊಂದರಲ್ಲಿ, ದೀರ್ಘಕಾಲದ ಸೊಂಟನೋವಿದ್ದ 313 ಜನರಿಗೆ ಗಟ್ಟಿ ಅಥವಾ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ಗಮನಿಸಿದಾಗ, ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಿಗೇ ನೋವು ಹೆಚ್ಚು ತಗ್ಗಿತ್ತು. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಹಾಸಿಗೆ ತೀರ ಗಟ್ಟಿಯಾದರೆ ಭುಜ ಮತ್ತು ಪೃಷ್ಠಗಳು ಒತ್ತಿಕೊಂಡು ನಡು ಆಧಾರವಿಲ್ಲದೆ ಉಳಿಯುತ್ತದೆ, ತೀರ ಮೆತ್ತಗಾದರೆ ಸೊಂಟ ಹಳ್ಳಕ್ಕೆ ಇಳಿಯುತ್ತದೆ. ‘ಆರ್ಥೋಪೆಡಿಕ್’ ಎಂದು ಚೀಟಿಯ ಮೇಲೆ ಬರೆದಿದ್ದರೆ ಅದನ್ನು ವೈದ್ಯರ ಶಿಫಾರಸೆಂದು ತಿಳಿಯಬಾರದು. ಸಾಮಾನ್ಯವಾಗಿ ಆ ಮಾತಿನ ಅರ್ಥ ಹಾಸಿಗೆ ಗಟ್ಟಿಯಾಗಿದೆ ಎಂಬಷ್ಟೇ.

ಅಂಗಡಿಯಲ್ಲಿ ಅಂಗೈಯಿಂದ ಒತ್ತಿ ನೋಡುವುದರಿಂದ ಏನೂ ತಿಳಿಯದು. ಸಂಕೋಚ ಬಿಟ್ಟು ಚಪ್ಪಲಿ ಕಳಚಿ, ಮನೆಯಲ್ಲಿ ಹೇಗೆ ಮಲಗುತ್ತೀರೋ ಹಾಗೆಯೇ, ಸಾಧ್ಯವಾದರೆ ನಿಮ್ಮದೇ ದಿಂಬಿಟ್ಟುಕೊಂಡು, ಹದಿನೈದು ನಿಮಿಷ ಮಲಗಬೇಕು. ಅಂಗಾತ ಮಲಗಿದಾಗ ಸೊಂಟದ ಅಡಿಯಲ್ಲಿ ಕೈ ತೂರಿಸಿ ನೋಡಿ. ಕೈ ಸಲೀಸಾಗಿ ಆಚೆಗೆ ಹೋಗುವಷ್ಟು ಸಂದಿದ್ದರೆ ಹಾಸಿಗೆ ನಿಮಗೆ ಗಟ್ಟಿ, ಕೈ ತೂರಿಸಲಿಕ್ಕೇ ಆಗದಿದ್ದರೆ ಮೆತ್ತಗೆ, ಸ್ವಲ್ಪ ಒತ್ತಿ ತೂರಿಸಬೇಕಾಗಿ ಬಂದರೆ ಅದು ನಿಮಗೆ ಹೊಂದುವ ಹಾಸಿಗೆ. ಮಗ್ಗುಲಾಗಿ ಮಲಗುವ ಅಭ್ಯಾಸವಿದ್ದರೆ ಜೊತೆಗೆ ಬಂದವರನ್ನು ಹಿಂದೆ ನಿಲ್ಲಿಸಿ, ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನೆಲುಬು ನೇರವಾಗಿದೆಯೇ ಎಂದು ನೋಡಲು ಹೇಳಬೇಕು. ಮನೆಯ ಹಿರಿಯರಿಗಾಗಿ ಕೊಳ್ಳುವುದಾದರೆ ಅವರನ್ನೇ ಕರೆದೊಯ್ಯಿರಿ. ಅಮ್ಮನಿಗೋ ಅಜ್ಜಿಗೋ ಕಷ್ಟಪಡದೆ ಮಗ್ಗುಲು ಬದಲಿಸಲು, ಅಂಚಿನಲ್ಲಿ ಕುಳಿತಾಗ ಪಾದ ನೆಲಕ್ಕೂರಿ ಏಳಲು ಆಗಬೇಕು. ಮಂಚ ಎತ್ತರವಾಗಿದ್ದರೆ ಅವರಿಗೆ ನಾಲ್ಕು ಇಂಚಿನ ಹಾಸಿಗೆಯೇ ಲೇಸು.

ಇನ್ನು ಹಣದ ವಿಷಯ. ಕಡಿಮೆ ಬೆಲೆಗೆ ಹೆಚ್ಚು ದಪ್ಪ ಸಿಗುತ್ತದೆಂದು ಅದರತ್ತ ವಾಲುವುದೇ ನಾವು ಮಾಡುವ ದೊಡ್ಡ ತಪ್ಪು. ಫೋಮಿನ ಬಾಳಿಕೆಯನ್ನು ನಿರ್ಧರಿಸುವುದು ಅದರ ಸಾಂದ್ರತೆ, ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ. ಅಂಗಡಿಯವರು ಇದನ್ನೇ ಡೆನ್ಸಿಟಿ ಎನ್ನುತ್ತಾರೆ. ದಿನವೂ ಮಲಗುವ ದೊಡ್ಡವರಿಗೆ ಸಾದಾ ಫೋಮ್ ಕನಿಷ್ಠ 32 ಡೆನ್ಸಿಟಿಯದ್ದಿರಲಿ, ಮೈ ಭಾರವಿರುವವರಿಗೆ 40 ಇರಲಿ. ಅವರು ಹೇಳಿದ ಸಂಖ್ಯೆ ನಿಜವೇ ಎಂದು ನೀವೇ ಪರೀಕ್ಷಿಸಬಹುದು. ಉದ್ದ, ಅಗಲ, ದಪ್ಪಗಳನ್ನು ಇಂಚಿನಲ್ಲಿ ಗುಣಿಸಿ 61,000ದಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ. 72 ಇಂಚು ಉದ್ದ, 48 ಇಂಚು ಅಗಲ, 5 ಇಂಚು ದಪ್ಪದ ಹಾಸಿಗೆಗೆ ಅದು ಸುಮಾರು 0.28. 32 ಡೆನ್ಸಿಟಿಯ ಫೋಮ್ ಆಗಿದ್ದರೆ ಹೊದಿಕೆ ಬಿಟ್ಟು ಒಂಬತ್ತು ಕಿಲೋ, 40ರದ್ದಾದರೆ ಹನ್ನೊಂದು ಕಿಲೋಗೂ ತುಸು ಹೆಚ್ಚು ತೂಗಬೇಕು. ಐದಾರು ಕಿಲೋ ಮಾತ್ರ ತೂಗಿದರೆ ಅದು 20ರ ಆಸುಪಾಸಿನ ಫೋಮ್, ಬೇಗ ಕುಸಿಯುತ್ತದೆ. ಅಡಿಕೆ ಮೂಟೆ ತೂಗುವ ತಕ್ಕಡಿ ಇರುವ ಮನೆಯವರಿಗೆ ಇದೇನೂ ಕಷ್ಟದ ಕೆಲಸವಲ್ಲ.

ಹೊದಿಕೆಗೆ ಜಿಪ್ ಇದ್ದರೆ ತಪ್ಪದೆ ತೆರೆಸಿ ಒಳಗೆ ನೋಡಿ. ಬಣ್ಣಬಣ್ಣದ ಫೋಮ್ ಚೂರುಗಳನ್ನು ಒತ್ತಿ ಅಂಟಿಸಿದಂತಿದ್ದರೆ ಅದು ರೀಬಾಂಡೆಡ್. ನೋಡಲು ಅಂದವಿಲ್ಲದಿದ್ದರೂ ಸಾದಾ ಫೋಮಿಗಿಂತ ಬಹಳ ಭಾರ, ಗಟ್ಟಿ, ಬಾಳಿಕೆಯೂ ಹೆಚ್ಚು. ಥರ್ಮೋಕೋಲಿನಂತೆ ಬೆಳ್ಳಗೆ, ಒತ್ತಿದರೆ ಕಿರುಗುಡುವ ಹಗುರ ಹಾಳೆಗಳಿದ್ದರೆ ಬೇಡ; ಅದರಲ್ಲಿ ಗಾಳಿಯೂ ಆಡುವುದಿಲ್ಲ, ಒಮ್ಮೆ ಚಪ್ಪಟೆಯಾದದ್ದು ಮತ್ತೆ ಏಳುವುದೂ ಇಲ್ಲ. ತೆಂಗಿನ ನಾರಿನ ಹಾಸಿಗೆಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಆದರೆ ಕೆಲ ವರ್ಷಗಳಲ್ಲಿ ನಡುವೆ ತಗ್ಗು ಬೀಳುವುದು ಅದರ ಸ್ವಭಾವ. ಮೈಯ ಆಕಾರಕ್ಕೆ ತಕ್ಕಂತೆ ನಿಧಾನವಾಗಿ ತಗ್ಗುವ ಮೆಮೊರಿ ಫೋಮ್ ಚಳಿಗೆ ಬಿಗಿಯುತ್ತದೆ, ಸೆಕೆಗೆ ಮೆತ್ತಗಾಗಿ ಬಿಸಿ ಹಿಡಿದಿಡುತ್ತದೆ, ಬೆಲೆಯೂ ಹೆಚ್ಚು. ಕೈ ಬಿಗಿ ಇರುವವರು ಅದನ್ನು ಬಿಟ್ಟುಬಿಡಬಹುದು.

ಹತ್ತಿಯ ಹಾಸಿಗೆಯ ಬಗ್ಗೆ ನನಗೆ ಬೇರೆಯೇ ಗೌರವವಿದೆ. ಬೇರೆ ಹಾಸಿಗೆ ಹಾಳಾದರೆ ಎಸೆಯಬೇಕು, ಹತ್ತಿಯದ್ದು ಗಂಟುಗಟ್ಟಿದರೆ ಎರಡು ಮೂರು ವರ್ಷಕ್ಕೊಮ್ಮೆ ಹಿಂಜಿಸಿ ಮತ್ತೆ ತುಂಬಿಸಬಹುದು. ತುಂಬಿಸುವಾಗ ಎದುರಿಗೆ ನಿಂತು, ಒಂದು ಹಿಡಿ ಹತ್ತಿಯನ್ನು ಬೆಳಕಿಗೆ ಹಿಡಿದು ಕೊಡವಿ ನೋಡಬೇಕು. ಕಪ್ಪು ಚೂರು, ಬೀಜದ ಸಿಪ್ಪೆ, ಬಣ್ಣದ ನೂಲು ಉದುರಿದರೆ ಅದು ಗಿರಣಿಯಲ್ಲಿ ಉಳಿದ ಕಸದ ಹತ್ತಿ. ಬೂರುಗದ ಹತ್ತಿ ದಿಂಬಿಗೆ ಒಳ್ಳೆಯದು, ಹಾಸಿಗೆಗೆ ಬೇಗ ಕುಗ್ಗುತ್ತದೆ. ಹತ್ತಿಯ ತೊಡಕೆಂದರೆ ಮಳೆಗಾಲದಲ್ಲಿ ತೇವ ಹೀರಿ ಭಾರವಾಗುವುದು. ಹಾಗಾಗಿ ಹತ್ತು ಸಾವಿರದೊಳಗೆ ಮುಗಿಸಬೇಕಾದ ಮನೆಗೆ ನನ್ನ ಸಲಹೆ ಹೀಗಿದೆ: ಕೆಳಗೆ ನಾಲ್ಕು ಇಂಚಿನ, ಎರಡೂ ಬದಿ ಬಳಸಬಹುದಾದ ರೀಬಾಂಡೆಡ್ ಹಾಸಿಗೆ, ಮೇಲೆ ಎರಡು ಇಂಚಿನ ತೆಳು ಹತ್ತಿ ಹಾಸಿಗೆ. ಕೆಳಗಿನದು ಬೆನ್ನಿಗೆ ಆಧಾರ ಕೊಟ್ಟರೆ ಮೇಲಿನದು ಭುಜ ಮತ್ತು ಸೊಂಟಕ್ಕೆ ಹಿತ ಕೊಡುತ್ತದೆ. ತೆಳುವಾದ್ದರಿಂದ ಬಿಸಿಲು ಬಿದ್ದ ದಿನ ಒಬ್ಬರೇ ಸುರುಳಿ ಸುತ್ತಿ ಅಂಗಳಕ್ಕೆ ಒಯ್ದು ಒಣಗಿಸಬಹುದು. ಫೋಮನ್ನು ಮಾತ್ರ ಉರಿಬಿಸಿಲಿಗೆ ಹಾಕಬಾರದು, ಪುಡಿಯಾಗುತ್ತದೆ. ಜಗಲಿಯ ನೆರಳಿನಲ್ಲಿ ಗಾಳಿಗೆ ನಿಲ್ಲಿಸಿದರೆ ಸಾಕು.

ಕೊಳ್ಳಲು ಮಳೆ ಹಿಂದಾದ ಮೇಲಿನ ತಿಂಗಳುಗಳೇ ಸೂಕ್ತ. ಹೊಸ ಫೋಮಿನ ವಾಸನೆ ಹೋಗಲು ಎರಡು ಮೂರು ದಿನ ಕಿಟಕಿ ತೆರೆದಿಡಬೇಕಾಗುತ್ತದೆ, ತೆರೆದ ಟೆಂಪೋದಲ್ಲಿ ತರುವಾಗ ನೆನೆಯುವ ಭಯವೂ ಇರುವುದಿಲ್ಲ. ಆನ್‌ಲೈನಿನಲ್ಲಿ ತರಿಸುವವರು, ಹಿಡಿಸದಿದ್ದರೆ ಹಿಂದಿರುಗಿಸಬಹುದು ಎಂಬ ಭರವಸೆಯನ್ನು ನಂಬುವ ಮುನ್ನ, ವಾಪಸು ಒಯ್ಯಲು ನಿಮ್ಮ ಊರಿನ ಪಿನ್‌ಕೋಡಿಗೆ ಗಾಡಿ ಬರುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಬಿಲ್ಲಿನಲ್ಲಿ ಅಳತೆ, ದಪ್ಪ, ಡೆನ್ಸಿಟಿ ಮೂರನ್ನೂ ಬರೆಸಿಕೊಳ್ಳಿ. ವಾರಂಟಿ ಚೀಟಿಯಲ್ಲಿ ಎಷ್ಟು ತಗ್ಗು ಬಿದ್ದರೆ ಬದಲಿಸಿಕೊಡುತ್ತಾರೆ, ಕಲೆಯಾದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನು ಅಲ್ಲೇ ಓದಿ. ತಗ್ಗನ್ನು ಅಳೆಯಲು ಹಾಸಿಗೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ದಾರ ಬಿಗಿಯಾಗಿ ಎಳೆದು, ನಡುವೆ ಅಡಿಪಟ್ಟಿ ಇಳಿಸಿದರಾಯಿತು. ಮನೆಗೆ ತಂದ ದಿನವೇ ಹಾಸಿಗೆಯ ಮೂಲೆಯಲ್ಲಿ ತಾರೀಖು ಬರೆದಿಟ್ಟು, ಮೂರು ತಿಂಗಳಿಗೊಮ್ಮೆ ತಲೆಕಡೆ ಕಾಲುಕಡೆ ತಿರುಗಿಸಿ ಮಗುಚಬೇಕು. ಮಳೆಗಾಲದಲ್ಲಿ ಮಾತ್ರ ಹದಿನೈದು ದಿನಕ್ಕೊಮ್ಮೆಯಾದರೂ ಅದನ್ನು ಗೋಡೆಗೆ ಒರಗಿಸಿ, ಫ್ಯಾನ್ ಹಾಕಿ, ಅಡಿಭಾಗವನ್ನು ಕೈಯಿಂದ ಮುಟ್ಟಿ ನೋಡಿ. ತಣ್ಣಗೆ ಜಿನುಗಿದಂತೆ ತಾಗಿದರೆ ಆ ದಿನ ಸಂಜೆಯವರೆಗೆ ಹಾಸಬೇಡಿ.