ವಲಸೆಯ ನೆನಪಿಗೆ ಸದ್ದಿನ ನಡಿಗೆ: ನಾವು ಕಟ್ಟುವ ಬಗೆ

ಸದ್ದಿನ ನಡಿಗೆಯಲ್ಲಿ ಕೇಳುಗರು ಹೆಡ್‌ಫೋನ್ ತೊಟ್ಟು ನಡೆಯುತ್ತಾರೆ; ಗೊತ್ತುಮಾಡಿದ ಜಾಗ ತಲುಪಿದಾಗ ವಲಸೆ ಬಂದವರ ಮಾತಿನ ತುಣುಕನ್ನು ಫೋನ್ ತಾನೇ ಕೇಳಿಸುತ್ತದೆ. ಆ ಮಾತು ಹಿಡಿಯಲು "ಊರು ಬಿಟ್ಟು ಬಂದ ಕಥೆ ಹೇಳಿ" ಎಂದರೆ ಇಸವಿ, ಊರು, ಕೆಲಸ ಇಷ್ಟೇ ಸಿಗುತ್ತದೆ. ಹತ್ತು ಕಡೆ ಹೇಳಿ ಸವೆದ ಮಾತು. ನಾವು ಕೇಳುವುದು ಬೇರೆ: ಅಲ್ಲಿ ಬೆಳಗ್ಗೆ ಎಚ್ಚರವಾದಾಗ ಮೊದಲು ಏನು ಕೇಳಿಸುತ್ತಿತ್ತು? ಇಲ್ಲಿ ಮೊದಲ ರಾತ್ರಿ ಯಾವ ಸದ್ದು ಇರಲಿಲ್ಲ? ಎರಡನೆಯದಕ್ಕೆ ಉತ್ತರ ತಡವಾಗಿ ಬರುತ್ತದೆ. ನಡುವೆ ಬಾಯಿ ಹಾಕಬಾರದು.

ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಏರುದನಿ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ದಾಟದಿರಲಿ. ಕಾಲರ್ ಮೈಕು ಗದ್ದದಿಂದ ಒಂದು ಗೇಣು ಕೆಳಗೆ. ಮಾತು ಮುಗಿದ ಮೇಲೆ ಕೋಣೆಯ ಮೌನವನ್ನೂ ಒಂದು ನಿಮಿಷ ಹಿಡಿದುಕೊಳ್ಳಿ, ಕತ್ತರಿಸಿದ ಕಡೆ ತೇಪೆಗೆ ಬೇಕು. ಬಯಲಲ್ಲಿ ಮೈಕಿಗೆ ಸ್ಪಂಜು ಸಾಲದು, ತುಪ್ಪಳದ ಹೊದಿಕೆಯೇ ಬೇಕು. ಗಾಳಿಯ ಹೊಡೆತಕ್ಕೆ ದನಿ ಒಡೆದರೆ ಆಮೇಲೆ ಯಾವ ಫಿಲ್ಟರೂ ಸರಿಮಾಡದು.

ಮುಂದಿನದು ಅಳತೆ. ಗುಂಪು ಗಂಟೆಗೆ ಸುಮಾರು 3 ಕಿ.ಮೀ. ನಡೆಯುತ್ತದೆ, ಅಂದರೆ ನಿಮಿಷಕ್ಕೆ 50 ಮೀಟರ್. ಎರಡು ನಿಮಿಷದ ಮಾತಿಗೆ 100 ಮೀಟರ್ ದಾರಿ ಬೇಕು. ಒಂದೂವರೆ ಕಿ.ಮೀ. ದಾರಿಯಲ್ಲಿ ಏಳಕ್ಕಿಂತ ಹೆಚ್ಚು ತುಣುಕು ಇಡುವುದಿಲ್ಲ, ಅರ್ಧ ದಾರಿ ಖಾಲಿ, ಸುತ್ತಲಿನ ಸದ್ದಿಗೆ. ಜರ್ಮನಿಯಿಂದ 1968ರಲ್ಲಿ ಕೆನಡಾಕ್ಕೆ ವಲಸೆ ಹೋದ ಸಂಗೀತ ಸಂಯೋಜಕಿ ಹಿಲ್ಡೆಗಾರ್ಡ್ ವೆಸ್ಟರ್‌ಕಾಂಪ್ 1974ರಲ್ಲಿ ಸೌಂಡ್‌ವಾಕ್, ಅಂದರೆ ಸದ್ದಿನ ನಡಿಗೆಯ ಬಗ್ಗೆ ಬರೆದಾಗ ಅದರ ತಿರುಳು ಸುತ್ತಲಿನದಕ್ಕೆ ಕಿವಿಗೊಟ್ಟು ನಡೆಯುವುದಾಗಿತ್ತು. ಹೆಡ್‌ಫೋನ್ ತೊಡಿಸುವ ನಮ್ಮಂಥವರು ಅದನ್ನು ಬೇಗ ಮರೆಯುತ್ತೇವೆ.

ಕೇಳುಗರು ಎಲ್ಲಿದ್ದಾರೆಂದು ತಿಳಿಯಲು ಜಿಪಿಎಸ್ ನಂಬಿದವರು ಕೆಡುವುದು ಎತ್ತರದ ಕಟ್ಟಡಗಳ ನಡುವೆ. ಉಪಗ್ರಹದ ಸಂಕೇತ ಗೋಡೆಗೆ ಬಡಿದು ಬರುವುದರಿಂದ, ನೀವು ಎದುರು ಬದಿಯಲ್ಲಿದ್ದೀರೆಂದು ಫೋನ್ ತಿಳಿಯುತ್ತದೆ. ತುಣುಕು ಶುರುವಾಗುವುದೇ ಇಲ್ಲ, ಇಲ್ಲವೇ ಎರಡು ಸಲ ಶುರುವಾಗುತ್ತದೆ. ಒಳಗೆ ಕಾಲಿಟ್ಟೊಡನೆ ತುಣುಕು ಶುರುವಾಗಲೆಂದು ನಕ್ಷೆಯಲ್ಲಿ ಎಳೆಯುವ ವೃತ್ತದ ತ್ರಿಜ್ಯ 20 ಮೀಟರಿಗಿಂತ ಕಿರಿದು ಬೇಡ, ಒಂದರ ಮೇಲೊಂದು ಬರುವುದೂ ಬೇಡ. ವೃತ್ತ ದಾಟಿದರೂ ಮಾತು ಪೂರ್ತಿ ಮುಗಿಯುವಂತೆ ಹೊಂದಿಸಿ. ರಸ್ತೆ ದಾಟುವಲ್ಲಿ ಏನನ್ನೂ ಇಡಬೇಡಿ. ಫೈಲುಗಳು ಮೊದಲೇ ಫೋನಿಗೆ ಇಳಿದಿರಲಿ. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಒಂದು ಎಂಬಿಯಷ್ಟೇ.

ಒಪ್ಪಿಗೆಯನ್ನು ಎರಡು ಸಲ ಪಡೆಯುತ್ತೇವೆ: ರೆಕಾರ್ಡ್ ಮಾಡುವ ಮುಂಚೆ, ಕತ್ತರಿಸಿ ಜೋಡಿಸಿದ್ದನ್ನು ಕೇಳಿಸಿದ ಮೇಲೆ. ವಲಸೆಯ ಕಾಗದಪತ್ರದ ತೊಡಕಿರುವವರ ದನಿಯನ್ನು ಯಂತ್ರದಲ್ಲಿ ದಪ್ಪ ಮಾಡಿದರೆ ಸಾಲದು, ಮಾತಿನ ವರಸೆಯಿಂದಲೇ ಪರಿಚಿತರು ಗುರುತಿಸುತ್ತಾರೆ. ಅಂಥದ್ದನ್ನು ಬೇರೆಯವರಿಂದ ಓದಿಸಿ, ಹೆಸರು ವಿಳಾಸ ತೆಗೆಯಿರಿ.

ಪರೀಕ್ಷೆಯ ನಡಿಗೆ ನಿಜವಾದ ನಡಿಗೆ ವಾರದ ಯಾವ ದಿನ, ಯಾವ ಹೊತ್ತಿನಲ್ಲೋ ಆಗಲೇ ಆಗಲಿ. ಭಾನುವಾರ ಬೆಳಗ್ಗೆ ಸ್ಪಷ್ಟವಾಗಿ ಕೇಳಿದ ಪಿಸುಮಾತು ಸೋಮವಾರ ಸಂಜೆಯ ಬಸ್ಸುಗಳ ನಡುವೆ ಕೇಳಿಸದು.